ಹತ್ತರ ಮೇಲೊಂದು

ದೇವರು ಒಬ್ಬನೇ ಎಂದು ತಿಳಿದವರು ಹೇಳುತ್ತಾರೆ. ಮೂರನೇ ಕ್ಲಾಸಿಗೇ ಸ್ಲೇಟನ್ನು ಮೂಲೆಗಿಟ್ಟು ಬಂದ ನಾನು ಅದನ್ನು ಅಲ್ಲ ಅನ್ನುವುದಕ್ಕಾಗುತ್ತದೆಯೇ? ಆದರೆ ಒಂದು ಮಾತನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಐವತ್ತು ದಾಟುವ ತನಕ ನಾನು ಕೊಳಗ ಹಿಡಿದು ನಿಂತಾಗ ‘ಒಂದು’ ಎಂದು ಬಾಯಿಬಿಟ್ಟವನಲ್ಲ. ಭತ್ತ, ರಾಗಿ ಅಳೆಯುವುದು ನಮ್ಮಪ್ಪನ ಕೆಲಸ, ಆಮೇಲೆ ನನ್ನ ಕೆಲಸ. ಕಣದಲ್ಲಿ ರಾಶಿಗೆ ಪೂಜೆ ಮಾಡಿ, ಪೂರ್ವಕ್ಕೆ ಮುಖ ಮಾಡಿ ನಿಂತು, ಮೊದಲ ಕೊಳಗ ತುಂಬಿ ಚೀಲಕ್ಕೆ ಸುರಿಯುವಾಗ ‘ಲಾಭ’ ಅನ್ನಬೇಕು. ಆಮೇಲೆ ಎರಡು, ಮೂರು, ನಾಲ್ಕು. ಒಂದು ಅನ್ನುವ ಪದ್ಧತಿಯೇ ಇಲ್ಲ. ಯಾಕೆ ಎಂದು ಚಿಕ್ಕಂದಿನಲ್ಲಿ ನಾನು ಕೇಳಿದ್ದಕ್ಕೆ ಅಪ್ಪ, “ಒಂದು ಅನ್ನೋದು ದೇವ್ರು ಕಣ್ಲಾ. ದೇವ್ರನ್ನ ಎಣಿಸೋಕಾಯ್ತದಾ? ಅವನ ಎಸ್ರು ಏಳ್ದೆ ಲಾಭ ಅಂತ ಕರ್ದು ಒಳೀಕೆ ಬುಟ್ಕೊಬೇಕು. ನಮ್ಮ ಲೆಕ್ಕ ಏನಿದ್ರೂ ಎರಡರಿಂದ” ಅಂದಿದ್ದ. ಅಷ್ಟು ದೊಡ್ಡ ವೇದಾಂತವನ್ನು ನಮ್ಮಪ್ಪ ಮೂಗಿನ ಧೂಳು ಒರೆಸಿಕೊಳ್ಳುತ್ತಾ ಹೇಳಿದ್ದರಿಂದ ನನಗೆ ಅದು ವೇದಾಂತ ಎಂದು ಗೊತ್ತಾಗಲಿಲ್ಲ.

ಗೊತ್ತಾಗದೆ ಇದ್ದದ್ದರಿಂದ ಏಟೂ ತಿಂದೆ. ಸ್ಕೂಲಿಗೆ ಸೇರಿದ ಮೊದಲ ವಾರ ಮೇಷ್ಟ್ರು ಹುಣಸೆ ಬೀಜ ಮುಂದೆ ಹರಡಿ ಎಣಿಸು ಅಂದರು. ಬೇರೆ ಹುಡುಗರು ನಡುಗುತ್ತಿದ್ದರು. ನಾನು ಮಾತ್ರ ಅಳತೆಗಾರನ ಮಗ, ನನಗೇನು ಭಯ? ಎದೆ ಸೆಟೆಸಿ, ಕಣದಲ್ಲಿ ಕೂಗುವ ರಾಗದಲ್ಲೇ “ಲಾಆಭಾ... ಎರಡೇ... ಮೂರೇ...” ಎಂದು ಶುರು ಮಾಡಿದೆ. ಬೆನ್ನ ಮೇಲೆ ಛಡಿ ಬಿತ್ತು. “ಒಂದು ಎಲ್ಲೋ?” ಅಂದರು. “ಅದು ದೇವ್ರದು ಸಾ, ಎಣಿಸ್ಬಾರ್ದು” ಅಂದೆ. ಇನ್ನೊಂದು ಬಿತ್ತು. “ಈಗ ಎಷ್ಟು ಏಟು ಬಿತ್ತು ಹೇಳು” ಅಂದರು. “ಎರಡು ಸಾ.” “ಅದಕ್ಕೆ ಮೊದಲು ಬಿದ್ದದ್ದು?” “ಲಾಭ ಸಾ.” ಆವತ್ತು ನನಗೆ ಆದ ಲಾಭವನ್ನು ಅವ್ವ ಹರಳೆಣ್ಣೆ ಹಚ್ಚಿ ಇಳಿಸಬೇಕಾಯಿತು. ಹಾಗೂ ಹೀಗೂ ಮೂರು ವರ್ಷ ಎಳೆದು ಸ್ಕೂಲು ಬಿಟ್ಟೆ. ಬಿಟ್ಟದ್ದಕ್ಕೆ ನನಗೆ ನಾಚಿಕೆಯಿಲ್ಲ. ಪಾಂಡವಪುರದಿಂದ ಕೆ.ಆರ್. ಪೇಟೆ ತನಕ, ಆ ಕಡೆ ನಾಗಮಂಗಲದ ಬೆಳ್ಳೂರು ತನಕ ನಾನು ಅಳೆದ ರಾಶಿಯನ್ನು ಇನ್ನೊಬ್ಬ ಮರಳಿ ಅಳೆದದ್ದಿಲ್ಲ. ಎಂ.ಎ. ಓದಿದವರ ಮಾತನ್ನು ಎಷ್ಟು ಜನ ಮರುಮಾತಿಲ್ಲದೆ ಒಪ್ಪುತ್ತಾರೆ, ನೀವೇ ಹೇಳಿ.

ಒಂದರ ವಿಚಾರ ಇಷ್ಟಕ್ಕೇ ಮುಗಿಯುವುದಿಲ್ಲ. ಮೊದಲಿಗೆ ಬರುವ ಒಂದನ್ನು ದೇವರಿಗೆ ಬಿಟ್ಟೆವಲ್ಲ, ಕೊನೆಗೂ ಒಂದು ಬರುತ್ತದೆ. ಅದಕ್ಕೆ ಕೊಸರು ಅನ್ನುತ್ತೇವೆ. ಲೆಕ್ಕವೆಲ್ಲ ಮುಗಿದ ಮೇಲೆ ಒಂದು ಬೊಗಸೆ ಹೆಚ್ಚಿಗೆ ಹಾಕುವುದು. ಮದುವೆ ಮನೆಯಲ್ಲಿ ನೂರಕ್ಕೆ ಒಂದು ಸೇರಿಸಿ ಮುಯ್ಯಿ ಮಾಡುತ್ತೀರಲ್ಲ, ಅದೇ ಇದು. ಲೆಕ್ಕ ಸರಿಯಾಗಿ ಮುಗಿದುಬಿಟ್ಟರೆ ಬಾಗಿಲು ಹಾಕಿಕೊಂಡ ಹಾಗೆ. ಮೇಲೊಂದು ಹಾಕಿದರೆ, ಇದು ಮುಗಿಯಲಿಲ್ಲ, ಮುಂದಿನ ವರ್ಷಕ್ಕೂ ಉಂಟು ಎಂದು ಕದ ಸ್ವಲ್ಪ ತೆರೆದಿಟ್ಟ ಹಾಗೆ. ಅದಕ್ಕೇ ಸಾವಿನ ಮನೆಯಲ್ಲಿ ಲಾಭವೂ ಕೂಗುವುದಿಲ್ಲ, ಕೊಸರೂ ಹಾಕುವುದಿಲ್ಲ. ಅಲ್ಲಿ ಮುಂದುವರಿಯುವುದು ಯಾರಿಗೂ ಬೇಡ.

ಇನ್ನು ಮನೆಯೊಳಗಿನ ಒಂದು ಬೇರೆ. ಎಲೆಗೆ ಒಂದೇ ಹೋಳಿಗೆ ಬಡಿಸಬಾರದು. ಹೊರಡುವಾಗ ಒಂಟಿ ಸೀನು ಬಂದರೆ ಕೂತು ಹೋಗಬೇಕು, ಎರಡು ಬಂದರೆ ಧಾರಾಳವಾಗಿ ಹೊರಡಬಹುದು. ದೇವರ ಮನೆಯಲ್ಲಿ ಅಷ್ಟು ದೊಡ್ಡದಾದ ಒಂದು, ಅಡುಗೆ ಮನೆಗೂ ಹೊಸ್ತಿಲಿಗೂ ಬರುವಷ್ಟರಲ್ಲಿ ಯಾಕೆ ಇಷ್ಟು ಕೆಟ್ಟದಾಯಿತು ಎಂದು ಶ್ರೀರಂಗಪಟ್ಟಣದ ಹೊಳೆಯ ಹತ್ತಿರ ಒಬ್ಬ ಶಾಸ್ತ್ರಿಗಳನ್ನು ಕೇಳಿದ್ದೆ, ಅವ್ವನ ಕಾರ್ಯಕ್ಕೆ ಹೋಗಿದ್ದಾಗ. ಅವರು ಒದ್ದೆ ಪಂಚೆ ಹಿಂಡುತ್ತಾ, “ಇರೋದು ಒಂದೇ ಕಣಯ್ಯಾ. ಎರಡು ಅಂತ ಕಾಣ್ತದಲ್ಲ, ಅದು ನಿನ್ನ ಕಣ್ಣಿನ ಪೊರೆ” ಅಂದರು. ನಾನು ಮಂಡ್ಯಕ್ಕೆ ಹೋಗಿ ಕಣ್ಣು ಪರೀಕ್ಷೆ ಮಾಡಿಸಿಕೊಂಡೆ. ಪೊರೆ ಇಲ್ಲ ಅಂದರು. ಶಾಸ್ತ್ರಿಗಳು ಹೇಳಿದ ಪೊರೆ ಯಾವುದು ಎಂದು ಗೊತ್ತಾಗುವುದಕ್ಕೆ ಜವರ ಸಾಯಬೇಕಾಯಿತು.

ಜವರ ಅಂದರೆ ಜವರಪ್ಪ, ನನ್ನ ಜೊತೆಗಾರ. ಬೆಳೆದದ್ದು ನಮ್ಮೂರಿನಲ್ಲಿ, ಅವನ ಸೋದರಮಾವನ ಮನೆಯಲ್ಲಿ. ಮದುವೆಯಾದ ಮೇಲೆ ನಾಗಮಂಗಲದ ದಾರಿಯಲ್ಲಿರುವ ತನ್ನ ಊರಿಗೆ ಹೋದ. ಇಬ್ಬರಿಗೂ ಕೊಳಗ ಹಿಡಿಸಿದವನು ನಮ್ಮಪ್ಪನೇ. ಸುಗ್ಗಿ ಬಂತೆಂದರೆ ನಾನು ಅಳೆದು ಕೂಗುವುದು, ಅವನು ಚೀಲದ ಬಾಯಿ ಹಿಡಿದು, ಹತ್ತಾದಾಗಲೆಲ್ಲ ಒಂದು ಕಲ್ಲು ತೆಗೆದಿಡುವುದು. ರಾಶಿ ಮುಗಿದ ಮೇಲೆ ನಾನು ಬರಿ ಕೊಳಗ ಮುಂದಕ್ಕೆ ಚಾಚಿ “ಆಕ್ಲಾ ಜವ್ರಾ” ಅನ್ನುತ್ತಿದ್ದೆ. ಅವನು ಎರಡು ಕೈಯಲ್ಲಿ ಬೊಗಸೆ ತುಂಬಿ, “ತಕಳ್ಲಾ, ಮೇಲೊಂದು” ಎಂದು ಹಾಕುತ್ತಿದ್ದ. ಮೂವತ್ತು ವರ್ಷ. ನನ್ನ ಕೈಯಿಂದ ಒಂದು ದಿನವೂ ನಾನು ಕೊಸರು ಹಾಕಿದವನಲ್ಲ. ಅವನ ಬೊಗಸೆ ಮೊರದಷ್ಟು ಅಗಲ. ಅಳೆಸುವ ಗೌಡರುಗಳು ನಮ್ಮನ್ನು ಒಪ್ಪುತ್ತಿದ್ದದ್ದು ನನ್ನ ನಿಯತ್ತಿಗೋ ಅವನ ಬೊಗಸೆಗೋ ಎಂಬುದು ನನಗೆ ಈಗಲೂ ಅನುಮಾನ. ಆಗ ಮಾತ್ರ ಅನುಮಾನವೇ ಇರಲಿಲ್ಲ. ನನ್ನ ನಿಯತ್ತಿಗೇ.

ಹೀಗಿರುವಾಗ ಅಕ್ಕಿಹೆಬ್ಬಾಳಿನ ಹತ್ತಿರ ಒಂದು ಕಣ. ತೊಂಬತ್ತರ ಆಚೆಗೆ ಒಂದೆರಡು ವರ್ಷ ಆಗಿರಬಹುದು, ಕೆಲವು ಕಡೆ ತಕ್ಕಡಿ ಬಂದು ನಮ್ಮ ಕೆಲಸ ಕಡಿಮೆಯಾಗುತ್ತಿದ್ದ ಕಾಲ. ಕೆಲಸ ಕಡಿಮೆಯಾದಷ್ಟೂ ಮರ್ಯಾದೆಯ ಕಡೆಗೆ ಗಮನ ಜಾಸ್ತಿಯಾಗುತ್ತದೆ. ಅಳತೆ ಮುಗಿದ ಮೇಲೆ ಮನೆಯವರು ವೀಳ್ಯ ಕೊಡಬೇಕು, ಮೊದಲ ವೀಳ್ಯ ಕೊಳಗ ಹಿಡಿದವನಿಗೆ. ಆ ಮನೆಯ ಯಜಮಾನರು ಆ ವರ್ಷ ಹೊಸಬರು, ಅಪ್ಪ ತೀರಿಕೊಂಡು ಯಜಮಾನಿಕೆ ಬಂದಿತ್ತು. ತಟ್ಟೆ ತಂದವರೇ ಹತ್ತಿರ ನಿಂತಿದ್ದ ಜವರನ ಕೈಗೆ ಮೊದಲ ವೀಳ್ಯ ಇಟ್ಟುಬಿಟ್ಟರು. ಅವನಾದರೂ ನನ್ನ ಕಡೆ ತೋರಿಸಬೇಕೋ ಬೇಡವೋ? ಹಲ್ಲು ಕಿರಿದು, ಕಣ್ಣಿಗೊತ್ತಿಕೊಂಡು, ಎಲೆಗೆ ಸುಣ್ಣ ಹಚ್ಚಲು ಶುರು ಮಾಡಿದ. ನನಗೆ ಎರಡನೆಯದು ಬಂತು. ನಾನು ಕೈ ಚಾಚಲಿಲ್ಲ. ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು ಸ್ಟೇಷನ್ನಿನ ಕಡೆ ಹೊರಟೆ.

ಅವನು ಹಿಂದೆ ಓಡಿ ಬಂದ. “ಲೇ ಕೆಂಪ, ಎಲೆ ಅಡ್ಕೆಗೆಲ್ಲಾ ಮೊಕ ಊದಿಸ್ಕತೀಯಲ್ಲೋ! ತಕ, ಇದ್ನೇ ತಕ” ಎಂದು ಕಚ್ಚಿ ಅರ್ಧ ಮಾಡಿದ್ದ ಎಲೆಯನ್ನು ಮುಂದೆ ಹಿಡಿದ. ಅವನು ತಮಾಷೆಗೆ ಹಿಡಿದದ್ದು. ನನಗೆ ಆ ಕಚ್ಚಿದ ಎಲೆ ನೋಡಿ ಇನ್ನೂ ಉರಿಯಿತು. “ನಿನ್ನೆಂಜ್ಲು ತಿನ್ನೋ ಕಾಲ ನಂಗಿನ್ನೂ ಬಂದಿಲ್ಲ” ಅಂದೆ. ಅವನ ಮುಖ ಸಣ್ಣಗಾಯಿತು. ಚಿಕ್ಕವರಾಗಿದ್ದಾಗ ಒಂದೇ ಕಬ್ಬನ್ನು ಆ ತುದಿಯಿಂದ ಅವನು, ಈ ತುದಿಯಿಂದ ನಾನು ಅಗಿಯುತ್ತಿದ್ದವರು. ಆವತ್ತಿಗೆ ಮಾತು ನಿಂತಿತು.

ಮಾತು ನಿಂತರೂ ಸುಗ್ಗಿ ನಿಲ್ಲುವುದಿಲ್ಲವಲ್ಲ. ಒಪ್ಪಿಕೊಂಡ ಕಣಗಳಿದ್ದವು. ಆ ಸುಗ್ಗಿ ಪೂರ್ತಿ ಇಬ್ಬರೂ ಮೂಗರ ಹಾಗೆ ಅಳೆದೆವು. ಮಾತೇನಾದರೂ ಇದ್ದರೆ ಚೀಲ ತರುತ್ತಿದ್ದ ಪಾಂಡವಪುರದ ಖಲೀಲ್ ಸಾಬರ ಮೂಲಕ. “ಸಾಬ್ರೇ, ಚೀಲ ವಾರೆ ಆಯ್ತು ಅಂತ ಏಳಿ ಅವ್ರಿಗೆ” ಅಂತ ನಾನು. “ಕೊಳಗ ನೆಟ್ಟಗಿಡಿದ್ರೆ ಚೀಲ ನೆಟ್ಟಗಿರ್ತದೆ ಅಂತ ಏಳಿ” ಅಂತ ಅವನು. ನಡುವೆ ಒಂದು ಮೊಳ ಜಾಗವಿಲ್ಲ. ಖಲೀಲ್ ಸಾಬರು ತಲೆ ಚಚ್ಚಿಕೊಂಡು, “ಅರೆ, ನಮ್ಮಲ್ಲೂ ದೇವ್ರು ಒಬ್ನೇ, ನಿಮ್ಮಲ್ಲೂ ಒಬ್ನೇ ಅಂತೀರ. ನಿಮ್ಮಿಬ್ರ ನಡುವೆ ಟಪಾಲು ಒಯ್ಯೋಕೆ ನಾನು ಬೇರೆ ಬೇಕಾ?” ಅನ್ನುತ್ತಿದ್ದರು. ರಾಶಿ ಮುಗಿದಾಗ ನಾನು ಕೊಳಗ ಚಾಚುತ್ತಿದ್ದೆ, ಆದರೆ ಕೂಗುತ್ತಿರಲಿಲ್ಲ. ಅವನ ಬೊಗಸೆ ಮಾತ್ರ ಬರುತ್ತಿತ್ತು, ಮೊದಲಿನ ಹಾಗೇ ತುಂಬಿಕೊಂಡು. ಒಂದೊಂದು ಸಲ ಹಾಕಿದ ಮೇಲೂ ಕೈ ತೆಗೆಯದೆ ಒಂದು ಗಳಿಗೆ ಹಾಗೇ ಇಟ್ಟುಕೊಂಡಿರುತ್ತಿದ್ದ. ನಾನು ಆಕಾಶ ನೋಡುತ್ತಿದ್ದೆ. ಆಕಾಶದಲ್ಲಿ ಅಂಥದ್ದೇನೂ ಇರುತ್ತಿರಲಿಲ್ಲ.

ಮನೆಯಲ್ಲಿ ನನ್ನ ಹೆಂಡತಿ ಸಾಕಮ್ಮ ದಿನಾ ಮುದ್ದೆ ಇಡುವಾಗ ಇದನ್ನೇ ನೆಂಚಿಕೊಳ್ಳಲು ಇಡುತ್ತಿದ್ದಳು. “ನೀವೊಂದು ಮಾತಾಡಿದ್ರೆ ಬಾಯಲ್ಲಿರೋ ಮುತ್ತು ಉದ್ರೋಯ್ತವಾ?” ಅನ್ನುತ್ತಿದ್ದಳು. “ಅವನೇ ಮೊದ್ಲು ಮಾತಾಡ್ಲಿ” ಅನ್ನುತ್ತಿದ್ದೆ. “ಮೊದ್ಲು, ಮೊದ್ಲು! ಮೊದಲ್ನೇದು ದೇವ್ರದು ಅಂತ ಊರೂರಲ್ಲಿ ಕೂಗ್ಕಂಡು ಬತ್ತೀರಲ್ಲ, ಮನೇಗ್ ಬಂದ್ಮೇಲೆ ಅದು ನಿಮ್ದಾ?” ಹೆಂಗಸರಿಗೆ ಶಾಸ್ತ್ರ ತಿಳಿಯುವುದಿಲ್ಲ ಎಂದು ನಾನು ಸಾರು ಸುರಿದುಕೊಳ್ಳುತ್ತಿದ್ದೆ.

ಮಳೆಗಾಲ ಕಳೆಯಿತು. ಮುಂದಿನ ಸುಗ್ಗಿಯ ಮುಂಚೆ ಖಲೀಲ್ ಸಾಬರು ಒಂದು ಬೆಳಿಗ್ಗೆ ಸೈಕಲ್ಲಿನಲ್ಲಿ ಮನೆ ತನಕ ಬಂದರು. ಚೀಲದ ವಿಷಯ ತೆಗೆಯಲಿಲ್ಲ. “ಜವರಣ್ಣನ ತಬಿಯತ್ತು ಚೆನ್ನಾಗಿಲ್ಲ. ಹೊಟ್ಟೆಗೇನೂ ಸೇರ್ತಿಲ್ಲ. ಒಂದ್ಸಲ ಬಂದೋಗು ಅಂತ ಏಳಿ ಕಳಿಸವ್ರೆ” ಅಂದರು. “ಅವನ ಬಾಯಲ್ಲೇ ಅಂದ್ನಾ?” ಎಂದು ಕೇಳಿದೆ. ಸಾಬರು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಬಾಯಲ್ಲೇ ಇನ್ನೇನು, ಕೋರ್ಟಿನಿಂದ ನೋಟೀಸು ಬರ್ಬೇಕಾ ನಿಮಗೆ?” ಅಂದು ಸೈಕಲ್ಲು ತಿರುಗಿಸಿದರು.

ಮಾರನೆಯ ದಿನ ಹೊರಟೆ. ಸುಳ್ಳಲ್ಲ, ನಿಜವಾಗಿ ಹೊರಟೆ. ಒಗೆದ ಅಂಗಿ ಹಾಕಿಕೊಂಡು, ಪೇಟೆಯಲ್ಲಿ ಮೂಸಂಬಿ ತೆಗೆದುಕೊಳ್ಳಬೇಕು ಎಂದು ಲೆಕ್ಕ ಹಾಕಿ, ಹೊಸ್ತಿಲಿಗೆ ಕಾಲಿಟ್ಟೆ. ಸೀನು ಬಂತು. ಒಂದೇ. ನಿಂತೆ. ಇನ್ನೊಂದು ಬರಲಿಲ್ಲ. ಒಳಗಿನಿಂದ ಸಾಕಮ್ಮ, “ಇನ್ನೊಂದು ಸೀನಿ ಓಗ್ಬುಡಿ, ಬಸ್ಸು ಓಯ್ತದೆ. ಪಕ್ಕದ ಮನೆ ಅಜ್ಜೀತವ ನಸ್ಯ ಈಸ್ಕ ಬರ್ಲಾ?” ಅಂದಳು. ನಾನು ಚಪ್ಪಲಿ ಬಿಟ್ಟು ಒಳಗೆ ಬಂದು ಗೋಡೆಗೆ ಒರಗಿ ಕೂತೆ. “ಶಾಸ್ತ್ರ ಅಂದ್ರೆ ಶಾಸ್ತ್ರ. ಒಂಟಿ ಸೀನಲ್ಲಿ ಕಾಯ್ಲೆಯೋರ ಮನೇಗೆ ಓಗೋದಾ? ನಾಳೆ ಓದ್ರಾಯ್ತು” ಅಂದೆ. ಎಂದೂ ಶಾಸ್ತ್ರಕ್ಕೆ ಇಷ್ಟು ಮರ್ಯಾದೆ ಕೊಟ್ಟವನಲ್ಲ ನಾನು. ಒಂಟಿ ಸೀನಿನಲ್ಲೇ ಎಷ್ಟು ಕಣಕ್ಕೆ ಹೋಗಿದ್ದೇನೆ! ಆವತ್ತು ಮಾತ್ರ ಆ ಸೀನು ನನಗೆ ನೆಂಟನ ಹಾಗೆ ಕಂಡಿತು. ಬಾರದೆ ಇದ್ದಿದ್ದರೆ ನಾನೇ ಮೊದಲು ಅವನ ಬಾಗಿಲಿಗೆ ಹೋದವನಾಗುತ್ತಿದ್ದೆ.

ಮಾರನೆಯ ದಿನ ಹೊರಡುವ ಮೊದಲೇ ಸುದ್ದಿ ಬಂತು.

ಮಣ್ಣಿಗೆ ಹೋಗಿದ್ದೆ. ಎಲ್ಲರ ಹಾಗೆ ಹಿಡಿ ಮಣ್ಣು ಹಾಕಿದೆ. ಜನ ಏನೇನೋ ಹೇಳಿಕೊಂಡು ಅಳುತ್ತಿದ್ದರು, “ಓದ್ಯಲ್ಲಪ್ಪಾ” ಅನ್ನುತ್ತಿದ್ದರು. ನನಗೆ ಬಾಯೇ ಬರಲಿಲ್ಲ. ಸತ್ತವನ ಹತ್ತಿರ ಮೊದಲು ಮಾತಾಡಿದರೂ ಸೋತ ಹಾಗೆ ಎಂದು ಬಾಯಿ ತಾನಾಗಿ ಅಂದುಕೊಂಡಿತ್ತೋ ಏನೋ, ಅದರ ಅಭ್ಯಾಸ ಅದಕ್ಕೆ. ಬಸ್ಸಿನಲ್ಲಿ ವಾಪಸು ಬರುವಾಗ ಶಾಸ್ತ್ರಿಗಳ ಮಾತು ನೆನಪಾಯಿತು. ಇರುವುದು ಒಂದೇ ಆದರೆ ನಾನು ವರ್ಷದಿಂದ ಮಾತು ಬಿಟ್ಟದ್ದು ಯಾರ ಜೊತೆ? ಕಿಟಕಿಯ ಸೀಟಿನಲ್ಲಿ ನಾನೊಬ್ಬನೇ ಕೂತಿದ್ದೆ. ಪಕ್ಕದ ಸೀಟು ಖಾಲಿ ಇತ್ತು.

ತಿಥಿಗೆ ಎರಡು ದಿನ ಮುಂಚೆ ಜವರನ ಹೆಂಡತಿ ಪುಟ್ಟಮ್ಮ ಹೇಳಿ ಕಳಿಸಿದಳು. ಹನ್ನೊಂದನೆಯ ದಿನದ ಊಟಕ್ಕೆ ಅಕ್ಕಿ ಅಳೆಯುವುದಕ್ಕೆ ಕೆಂಪಣ್ಣನೇ ಬರಬೇಕು, ಅವರು ಹಾಗೆ ಹೇಳಿ ಹೋಗಿದ್ದಾರೆ ಎಂದು. ನನಗೆ ಎದೆ ಹೊಡೆದುಕೊಂಡಿತು. ದುಃಖದಿಂದ ಮಾತ್ರ ಅಂದರೆ ಸುಳ್ಳಾಗುತ್ತದೆ. ಸಾವಿನ ಮನೆಯಲ್ಲಿ ಲಾಭ ಎಂದು ಕೂಗಿಬಿಟ್ಟರೆ ಏನು ಗತಿ? ನನ್ನ ಬಾಯಿಗೆ ಒಂದು ಅನ್ನುವುದೇ ಗೊತ್ತಿಲ್ಲ. ಐವತ್ತೆರಡನೆಯ ವಯಸ್ಸಿನಲ್ಲಿ ಒಂದನೇ ಕ್ಲಾಸಿನ ಪಾಠ ಶುರು ಮಾಡಿದೆ. ದನಕ್ಕೆ ಹುಲ್ಲು ಹಾಕುವಾಗ ಒಂದು, ಹಲ್ಲುಜ್ಜುವಾಗ ಒಂದು. ನಾಗಮಂಗಲದ ಬಸ್ಸಿನಲ್ಲಿ ಕಂಡಕ್ಟರು ಬಂದು “ಎಲ್ಲಿಗೆ?” ಅಂದ. “ಒಂದು” ಅಂದೆ. “ಒಂದಾ? ಸರಿ ಯಜಮಾನ್ರೆ, ಊರು ಯಾವ್ದು?” “ಒಂದು.” ಅವನು ನನ್ನ ಮುಖ ನೋಡಿದ. ಏನು ಕಂಡಿತೋ, ರೇಗಲಿಲ್ಲ. ಮೆಲ್ಲಗೆ, “ಒಬ್ರೇ ಓಗ್ತಿದ್ದೀರಾ?” ಅಂದ. ಮೂವತ್ತು ವರ್ಷ ಆ ದಾರಿಯಲ್ಲಿ ನಾನು ಎರಡು ಟಿಕೇಟು ಕೇಳಿ ಅಭ್ಯಾಸ.

ಪಡಸಾಲೆಯಲ್ಲಿ ಚಾಪೆ ಹಾಸಿ ಅಕ್ಕಿ ಸುರಿದಿದ್ದರು. ಜವರನ ಚಿಕ್ಕಪ್ಪ ಕಂಬಕ್ಕೆ ಒರಗಿ ಕೂತಿದ್ದ, ಊರಿನ ನಾಲ್ಕು ಜನ ಹಿರಿಯರಿದ್ದರು, ಅಡುಗೆಯವರು ಕೊಪ್ಪರಿಗೆ ಉಜ್ಜುತ್ತಾ ಕಾಯುತ್ತಿದ್ದರು. ಹತ್ತು ಕೊಳಗ ಅಳೆಯಬೇಕು. ಮೊದಲ ಕೊಳಗ ತುಂಬಿದೆ. ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದಾರೆ ಅನ್ನಿಸಿತು. ಗಂಟಲಿನ ತನಕ ಲಾಭ ಬಂದು ನಿಂತಿತ್ತು. ನುಂಗಿಕೊಂಡು “ಒಂದು” ಅಂದೆ. ಬಂತು! ಮೇಷ್ಟ್ರು ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದರು. ಗೆದ್ದೆ ಅಂದುಕೊಂಡೆ. ಅಲ್ಲಿಂದ ಮುಂದೆ ಸಲೀಸು. ಎರಡು, ಮೂರು, ಕೈ ತನ್ನಷ್ಟಕ್ಕೆ ತಾನು ನಡೆಯಿತು. ಹತ್ತು ಅಂದೆ, ಸುರಿದೆ. ಮುಗಿದಿತ್ತು. ಎದ್ದುಬಿಡಬೇಕಾಗಿತ್ತು.

ಏಳಲಿಲ್ಲ. ಬರಿ ಕೊಳಗ ಮುಂದಕ್ಕೆ ಚಾಚಿ, ತಲೆ ಎತ್ತದೆ, ಕಣದಲ್ಲಿ ಕೂಗುವ ಗಂಟಲಿನಲ್ಲೇ ಕೂಗಿದೆ. “ಆಕ್ಲಾ ಜವ್ರಾ.”

ಕೂಗಿ, ಕೊಳಗ ಹಿಡಿದುಕೊಂಡು ಕಾದೆ. ಬೊಗಸೆ ಬರಲಿಲ್ಲ. ಯಾಕೆ ಇಷ್ಟು ತಡ ಮಾಡುತ್ತಾನೆ ಎಂದು ಬೈಯುವುದಕ್ಕೆ ತಲೆ ಎತ್ತಿದೆ. ಕೊಪ್ಪರಿಗೆ ಉಜ್ಜುತ್ತಿದ್ದವನ ಕೈ ನಿಂತಿತ್ತು.

ಚಿಕ್ಕಪ್ಪ ಕಂಬ ಹಿಡಿದು ಎದ್ದ. “ಲೇ ಕೆಂಪ! ಕಳಿಸ್ಕೊಡೋ ದಿನದಲ್ಲಿ ಎಸ್ರಿಡಿದು ಕರೀತೀಯೇನ್ಲಾ? ಮೇಲೊಂದು ಕೇಳ್ತೀಯಾ ಸಾವಿನ ಮನೇಲಿ? ಇನ್ನೊಂದು ಎಣ ಬೇಕಾಗಿತ್ತಾ ನಿಂಗೆ? ಅವನಿದ್ದಾಗ ಮೊಕ ತಿರುಗಿಸ್ಕಂಡು ಓಡಾಡ್ದೋನು, ಈಗ ಕರೆಯೋಕೆ ಬಂದ್ಬುಟ್ಟವ್ನೆ!” ಅವನು ಹೇಳಿದ್ದರಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ಕೈಯಲ್ಲಿದ್ದ ಕೊಳಗವನ್ನು ಕೆಳಗಿಡುವುದು ಹೇಗೆ ಎಂಬುದೇ ಮರೆತುಹೋಗಿತ್ತು.

ಪುಟ್ಟಮ್ಮ ಅಡುಗೆ ಮನೆಯ ಬಾಗಿಲಿಗೆ ಬಂದಳು. “ಬೈಬೇಡಿ ಮಾವ” ಅಂದಳು. “ಈ ಕೂಗು ಕೇಳ್ಬೇಕು ಅಂತ ಬೀದಿ ಬಾಗ್ಲು ಕಡೀಕೆ ತಲೆ ಮಾಡ್ಕಂಡು ಮಲಗಿದ್ರು. ತಣ್ಣನೆ ಗಾಳಿ ಬತ್ತದೆ, ಒಳೀಕೆ ಬನ್ನಿ ಅಂದ್ರೂ ಕೇಳ್ನಿಲ್ಲ. ಕೆಂಪ ಬಂದ್ರೆ ಬಾಗ್ಲಲ್ಲೇ ಕೂಗ್ತಾನೆ, ಕೇಳುಸ್ಬೇಕಲ್ಲ ಅಂತಿದ್ರು.” ಆಮೇಲೆ ನನ್ನ ಕೈಯಿಂದ ಕೊಳಗ ಬಿಡಿಸಿ ತೆಗೆದುಕೊಂಡು, ಮಗುವಿಗೆ ಹೇಳುವ ಹಾಗೆ, “ಏಳಣ್ಣ, ಕೈ ತೊಳ್ಕಳಿ. ಆಯ್ತಲ್ಲ ಹತ್ತು, ಸಾಕು” ಅಂದಳು.

ಒಂದು ವರ್ಷದ ಮೇಲೆ ನಾನು ಜವರನ ಜೊತೆ ಆಡಿದ ಮೊದಲ ಮಾತು ಅದು. ನಮ್ಮಿಬ್ಬರಲ್ಲಿ ಮೊದಲು ಮಾತಾಡಿದವನು ಕೊನೆಗೂ ನಾನೇ ಆದೆ. ಇಷ್ಟು ದಿನ ಬೇಡ ಬೇಡ ಎಂದು ತಳ್ಳಿಕೊಂಡು ಬಂದ ಮೊದಲ ಸ್ಥಾನ, ಕೇಳುವವರು ಯಾರೂ ಇಲ್ಲದಾಗ ನನಗೇ ಸಿಕ್ಕಿತು. ಅಪ್ಪ ಹೇಳಿದ್ದು ಈಗ ಅರ್ಥವಾಗುತ್ತದೆ. ಮೊದಲನೆಯದನ್ನು ದೇವರಿಗೆ ಬಿಡು ಅಂದದ್ದು ದೇವರಿಗೆ ಅದು ಬೇಕಾಗಿದೆ ಎಂದಲ್ಲ. ಮನುಷ್ಯನ ಕೈಗೆ ಕೊಟ್ಟರೆ ಹೀಗೆ ಮಾಡಿಕೊಳ್ಳುತ್ತಾನೆ ಎಂದು.

ಆ ವರ್ಷ ನಾನು ಬೇರೆಯವರ ಕಣಕ್ಕೆ ಹೋಗಲಿಲ್ಲ. ತಕ್ಕಡಿ ಬಂತು, ಯಾರೂ ಕರೆಯಲಿಲ್ಲ ಎಂದೇ ಊರಿನಲ್ಲಿ ಹೇಳಿಕೊಂಡೆ, ಅದು ಅರ್ಧ ನಿಜ. ನಮ್ಮ ಹೊಲದ ನಾಲ್ಕು ಪಲ್ಲ ರಾಗಿಯನ್ನು ಮಾತ್ರ ಅಳೆದೆ. ಚೀಲದ ಬಾಯಿ ಸಾಕಮ್ಮ ಹಿಡಿದುಕೊಂಡಳು. ಲಾಭ ಅಂದೆ, ಎರಡು ಅಂದೆ, ಕೊನೆಗೆ ಬರಿ ಕೊಳಗ ಚಾಚಿದೆ, ಕೂಗಲು ಹೆಸರಿರಲಿಲ್ಲ. ಸಾಕಮ್ಮ ಬೊಗಸೆ ತುಂಬಿಕೊಂಡವಳು ಹಾಗೇ ನಿಂತಳು. “ಸುಮ್ಕೆ ಆಕೋಕೆ ನಾನೇನು ಜವರಣ್ಣನಾ? ಮೊದಲ್ನೇ ವೀಳ್ಯ ನಂಗೆ ಕೊಡ್ತೀನಿ ಅನ್ನಿ, ಆಕ್ತೀನಿ” ಅಂದಳು. ಆಯಿತು ಅಂದೆ. ಅವಳ ಬೊಗಸೆ ಚಿಕ್ಕದು. ಬೆರಳ ಸಂದಿನಲ್ಲಿ ಅರ್ಧ ಸೋರಿತು.

ಪೂಜೆಯ ತಟ್ಟೆಯಿಂದ ಮೊದಲ ಎಲೆ ತೆಗೆದು, ಸುಣ್ಣ ಹಚ್ಚಿ, ಮಡಿಸಿ ಅವಳಿಗೆ ಕೊಟ್ಟೆ. ಎರಡನೆಯದನ್ನು ನಾನು ಹಾಕಿಕೊಂಡೆ. ಅಕ್ಕಿಹೆಬ್ಬಾಳಿನ ಕಣದಲ್ಲಿ ಬೇಡ ಎಂದು ಬಿಟ್ಟು ಬಂದಿದ್ದೆನಲ್ಲ, ಅದೇ ಎರಡನೆಯದು. ರುಚಿಯಲ್ಲಿ ಮೊದಲನೆಯದಕ್ಕೂ ಅದಕ್ಕೂ ಒಂದು ಗುಲಗಂಜಿಯಷ್ಟೂ ವ್ಯತ್ಯಾಸವಿಲ್ಲ. ಸ್ವಲ್ಪ ಸುಣ್ಣ ಜಾಸ್ತಿಯಾಗಿತ್ತು, ಬಾಯಿ ಸುಟ್ಟಿತು. ಕಣ್ಣಲ್ಲಿ ನೀರು ಬಂದದ್ದು ಅದಕ್ಕೇ ಎಂದು ಸಾಕಮ್ಮನಿಗೆ ಹೇಳಿದ್ದೇನೆ. ಅವಳು ನಂಬಲಿಲ್ಲ. ನೀವಾದರೂ ನಂಬಿ.